ಬಟ್ಟೆ ಒಗೆಯುವ ಮುನ್ನ ಹೆಗಲಿಗೆ ಐದು ನಿಮಿಷ

ಅಟ್ಟದ ಡಬ್ಬಿ ಇಳಿಸುವಾಗ, ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುವಾಗ ಹೆಗಲಲ್ಲಿ ಚಳುಕು ಹಿಡಿಯುವುದುಂಟೇ? ಹಾಗಾದರೆ ಬೆನ್ನ ಮೇಲ್ಭಾಗದ ಆ ತ್ರಿಕೋನಾಕಾರದ ಹೆಗಲ ಮೂಳೆಗಳನ್ನು ಸ್ವಲ್ಪ ವಿಚಾರಿಸಿಕೊಳ್ಳಿ.

ತೋಳನ್ನು ಪೂರ್ತಿ ಮೇಲೆತ್ತಿದರೆ 180 ಡಿಗ್ರಿ. ಅದರಲ್ಲಿ ಸುಮಾರು 120 ತೋಳಿನ ಕೀಲಿನದು. ಉಳಿದ 60 ಈ ಮೂಳೆ ಬೆನ್ನ ಮೇಲೆ ಜಾರಿ ತಿರುಗುವುದರಿಂದ ಬರುತ್ತದೆ. ಸುತ್ತಲಿನ ಸ್ನಾಯು ಬಿಗಿದು ಅದು ಸಲೀಸಾಗಿ ತಿರುಗದಿದ್ದರೆ ಶ್ರಮವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಆದ್ದರಿಂದ ಕೆಲಸಕ್ಕೆ ಮೊದಲು ಹೀಗೆ ಮಾಡಿ:

1. ನೆಟ್ಟಗೆ ನಿಂತು ಎರಡೂ ಹೆಗಲನ್ನು ಕಿವಿಯತ್ತ ಎತ್ತಿ, ನಿಧಾನವಾಗಿ ಇಳಿಸಿ. 10 ಸಲ.

2. ಕೈ ಇಳಿಬಿಟ್ಟು, ಹೆಗಲ ಮೂಳೆಗಳೆರಡನ್ನೂ ಹಿಂದಕ್ಕೆ ಒಂದರ ಹತ್ತಿರ ಒಂದು ತನ್ನಿ. ಮೂರು ಎಣಿಸಿ ಬಿಡಿ. 10 ಸಲ.

3. ಎದೆಮಟ್ಟದಲ್ಲಿ ಗೋಡೆಗೆ ಅಂಗೈ ಊರಿ. ಮೊಣಕೈ ಬಗ್ಗಿಸದೆ ಎದೆಯನ್ನು ಗೋಡೆಯತ್ತ ಬಿಡಿ. ಮತ್ತೆ ಹಿಂದಕ್ಕೆ ತಳ್ಳಿ. 10 ಸಲ.

4. ಗೋಡೆಗೆ ಮುಖಮಾಡಿ, ಅಂಗೈಗಳನ್ನು ಗೋಡೆಗುಂಟ ಮೇಲಕ್ಕೆ ಜಾರಿಸಿ, ಇಳಿಸಿ. 8 ಸಲ.

ಉಸಿರು ಬಿಗಿಹಿಡಿಯಬೇಡಿ. ನೋವಾದರೆ ಅಲ್ಲಿಗೇ ನಿಲ್ಲಿಸಿ. ‘ನಮಗೆಲ್ಲಿ ಪುರಸೊತ್ತು ರೀ?’ ಅಂದೀರಾ! ಒಲೆಯ ಮೇಲೆ ಹಾಲು ಕಾಯುವಷ್ಟು ಹೊತ್ತು ಸಾಕು.

40 ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ, ಹೆಗಲ ಕೀಲು ಹಿಡಿದುಕೊಳ್ಳುವುದುಂಟು. ಜಡೆ ಹಾಕಿಕೊಳ್ಳಲು ಕೈ ಮೇಲೇಳದಿದ್ದರೆ ವೈದ್ಯರಿಗೆ ತೋರಿಸಿ. ಹೆಗಲ ನೋವಿನ ಜೊತೆ ಎದೆ ಬಿಗಿತ, ಬೆವರು, ಏದುಸಿರು ಕಾಣಿಸಿಕೊಂಡರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ಅದು ಹೃದಯದ ತೊಂದರೆಯಿರಬಹುದು. ಮನೆಯವರನ್ನು ಕರೆದು ಕೂಡಲೇ ಆಸ್ಪತ್ರೆಗೆ ಹೊರಡಿ.