ಭೂತಂತಿಯೂ ಪ್ರಯೋಗಶಾಲೆಯ ಗುಂಯ್‌ಕಾರವೂ

ಜಮಖಂಡಿ, ಮುಧೋಳ, ಬೀಳಗಿಗಳ ಹೆಸರನ್ನೆತ್ತಿದೊಡನೆ ಎರೆನೆಲವೂ ಕಬ್ಬಿನ ಹೊಲಗಳೂ, ರಬಕವಿ-ಬನಹಟ್ಟಿಯೆಂದೊಡನೆ ಮಗ್ಗಗಳ ಸದ್ದೂ ನಮ್ಮ ನೆನಪಿಗೆ ಬರುತ್ತವೆ. ಇವಕ್ಕೂ ಕಾಲೇಜಿನ ಪ್ರಯೋಗಶಾಲೆಗೂ ಏನು ಸಂಬಂಧವೆಂದು ಶ್ರೋತೃಗಳು ಕೇಳಬಹುದು. ಸಂಬಂಧವುಂಟು. ಸೂಕ್ಷ್ಮವಾದ ಅಳತೆಯನ್ನು ಮಾಡಹೊರಟಾಗ ಆಸಿಲೋಸ್ಕೋಪಿನ ಗೆರೆ ನಡುಗುವುದು, ಧ್ವನಿವರ್ಧಕವು ಗುಂಯ್‌ಗುಟ್ಟುವುದು, ಎಲ್ಲ ಪ್ರಯೋಗಶಾಲೆಗಳನ್ನೂ ಕಾಡುವ ಪೀಡೆ.

ಆಗ ಎಲ್ಲರೂ ಮೊದಲು ದೂರುವುದು ಭೂಸಂಪರ್ಕದ ಗುಂಡಿಯನ್ನು. ಎರೆಮಣ್ಣು ಮಳೆಗಾಲದಲ್ಲಿ ನೀರುಂಡು ಉಬ್ಬುವುದು, ಬೇಸಗೆಯಲ್ಲಿ ಬಿರಿಯುವುದು. ಆಗ ನೆಟ್ಟ ಕೊಳವೆಗೂ ಮಣ್ಣಿಗೂ ಇರುವ ನಂಟು ಸಡಿಲವಾಗಿ ವಿದ್ಯುದ್ರೋಧವು ಏರುವುದು. ಅದಕ್ಕಾಗಿಯೇ ಇದ್ದಿಲು ಉಪ್ಪುಗಳನ್ನು ತುಂಬಿ ನೀರೆರೆಯುವ ಪದ್ಧತಿಯುಂಟು. ಪ್ರಾಣರಕ್ಷಣೆಗೆ ಇದು ಅವಶ್ಯವಾದುದು. ಆದರೆ ಗುಂಡಿಯನ್ನು ಎಷ್ಟು ಆಳಗೊಳಿಸಿದರೂ ಗುಂಯ್‌ಕಾರವು ಸಾಮಾನ್ಯವಾಗಿ ನಿಲ್ಲದು. ಭೂಮಿಯು ಬೇಡದ ಸದ್ದನ್ನೆಲ್ಲ ನುಂಗುವ ಬಚ್ಚಲಲ್ಲ. ಪ್ರವಾಹವು ಎಲ್ಲಿಂದ ಹೊರಟಿತೋ ಅಲ್ಲಿಗೇ ಮರಳಬೇಕು; ಮರಳುವ ದಾರಿಯಲ್ಲಿ ನಮ್ಮ ಸಂಕೇತದ ತಂತಿಯೂ ಸಿಕ್ಕಿಕೊಂಡರೆ ಪೀಡೆಗೆ ಅದೇ ಮೂಲ.

ಎರಡು ಉಪಕರಣಗಳು ಬೇರೆ ಬೇರೆ ಗೋಡೆಯ ಪ್ಲಗ್ಗುಗಳ ಮೂಲಕ ಭೂಮಿಗೆ ಸೇರಿವೆಯೆನ್ನೋಣ. ಲೋಹದ ಕವಚವುಳ್ಳ ತಂತಿಯೊಂದು ಅವೆರಡನ್ನೂ ಕೂಡಿಸಿದೆ. ಈಗ ಒಂದು ಬಳೆ ಪೂರ್ಣವಾಯಿತು. ಬಳಿಯ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವು ಈ ಬಳೆಯಲ್ಲಿ ಪ್ರವಾಹವನ್ನು ಹುಟ್ಟಿಸುವುದು. ಪವರ್ ಸಪ್ಲೈಗಳಿಂದ ಸೋರುವ ಅಲ್ಪ ಪ್ರವಾಹವೂ ಅದೇ ದಾರಿ ಹಿಡಿಯುವುದು. ನೆರೆಯ ಮಗ್ಗಗಳು ಅದೇ ವಿತರಣತಂತಿಗೆ ಸೇರಿದ್ದರೆ, ಅವುಗಳ ಮೋಟಾರುಗಳು ಹೊರಟು ನಿಲ್ಲುವಾಗಲೂ ಗೆರೆ ಅದುರಬಹುದು. ಕವಚದ ರೋಧವು 0.1 ಓಮ್, ಪ್ರವಾಹವು 10 ಮಿಲಿಆಂಪಿಯರ್ ಆದರೆ ಅದರ ತುದಿಗಳ ನಡುವೆ 1 ಮಿಲಿವೋಲ್ಟ್ ಏಳುವುದು. ನಾವು ಅಳೆಯಬೇಕಾದುದೂ 1 ಮಿಲಿವೋಲ್ಟೇ ಆಗಿದ್ದರೆ ಆ ಅಳತೆಯನ್ನು ನಂಬುವುದೆಂತು?

ಸದ್ದಿನ ಸ್ಥಾಯಿಯೇ ಕಳ್ಳನ ಗುರುತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವೃತ್ತಿಗಳದು. 50ರ ಗುಂಯ್‌ಕಾರ ಕಂಡರೆ ಮೇಲೆ ಹೇಳಿದ ಬಳೆಯನ್ನು ಶಂಕಿಸಬೇಕು. 100ರದಾದರೆ ಪವರ್ ಸಪ್ಲೈಯಲ್ಲಿ ರೆಕ್ಟಿಫೈಯರಿನ ಮುಂದಿರುವ ಕೆಪಾಸಿಟರನ್ನು. ಹತ್ತಾರು ಸಾವಿರದ್ದಾದರೆ ಈಚಿನ ಸ್ವಿಚಿಂಗ್ ಪವರ್ ಸಪ್ಲೈಯನ್ನು.

ಶೋಧನೆಯ ಕ್ರಮವೂ ಸರಳವೇ. ಮೊದಲು ಆಂಪ್ಲಿಫೈಯರಿಗೆ ಸಂಕೇತವು ಪ್ರವೇಶಿಸುವ ಎರಡು ತುದಿಗಳನ್ನೂ ಪರಸ್ಪರ ಕೂಡಿಸಿ ನೋಡುವುದು. ಸದ್ದು ಉಳಿದರೆ ದೋಷವನ್ನು ಅದರೊಳಗೇ ಹುಡುಕಬೇಕು. ಬಳಿಕ ಉಳಿದ ಉಪಕರಣಗಳನ್ನು ಒಂದೊಂದಾಗಿ ಕಳಚುವುದು. ಸಾಧ್ಯವಾದರೆ ಒಂದನ್ನು ಬ್ಯಾಟರಿಯಿಂದ ನಡೆಸಿ ನೋಡುವುದು. ಒಮ್ಮೆಗೆ ಒಂದೇ ಬದಲಾವಣೆ. ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಕೊನೆಗೆ ಎಲ್ಲ ಭೂತಂತಿಗಳೂ ಒಂದೇ ಬಿಂದುವಿನಲ್ಲಿ ಕೂಡುವಂತೆ ಉಪಕರಣಗಳನ್ನು ಒಂದೇ ಪ್ಲಗ್‌ಪಟ್ಟಿಗೆ ಸೇರಿಸಿ, ಟ್ರಾನ್ಸ್‌ಫಾರ್ಮರನ್ನು ದೂರ ಸರಿಸಬೇಕು.

ಇನ್ನೊಂದು ಉಪಾಯವುಂಟು, ಅದನ್ನು ನಾವು ನಿಷೇಧಿಸಲೇಬೇಕು. ಪ್ಲಗ್ಗಿನ ಮೂರನೆಯ, ದಪ್ಪನೆಯ ಮುಳ್ಳನ್ನು ಕಿತ್ತರೆ ಬಳೆ ಮುರಿದು ಸದ್ದು ಅಡಗುವುದು. ಆದರೆ ಒಳಗಿನ ತಂತಿಯ ಹೊದಿಕೆ ಹರಿದು ಲೋಹದ ಪೆಟ್ಟಿಗೆಗೆ 230 ವೋಲ್ಟ್ ತಗಲಿದ ದಿನ, ಫ್ಯೂಸು ಕರಗಲು ದಾರಿಯಿಲ್ಲದೆ, ಅದನ್ನು ಮುಟ್ಟಿದ ವಿದ್ಯಾರ್ಥಿಯ ದೇಹವೇ ಪ್ರವಾಹಕ್ಕೆ ದಾರಿಯಾಗುವುದು. ಹತ್ತಾರು ಮಿಲಿಆಂಪಿಯರುಗಳೇ ಪ್ರಾಣಹರಣಕ್ಕೆ ಸಾಕು. ಬಳೆಯನ್ನು ಮುರಿಯಲೇಬೇಕಾದರೆ ಸಂಕೇತದ ತಂತಿಯಲ್ಲಿ, ಅದಕ್ಕೆಂದೇ ದೊರೆಯುವ ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ ಮುರಿಯಬೇಕು. ಗೋಡೆಯ ಪ್ಲಗ್ಗಿನಲ್ಲಿ ಎಂದಿಗೂ ಕೂಡದು.