ಒಬ್ಬನಿಗೆ ಹಾರ, ಇನ್ನೊಬ್ಬನಿಗೆ ಕಲ್ಲು!

ಒಬ್ಬ ಆಕಾಶದಲ್ಲಿ ಹಾರುತ್ತಾನೆ. ಕೆಳಗೆ ಜನ ಕಾರು ನಿಲ್ಲಿಸಿ, ತಲೆಯೆತ್ತಿ ಕೈ ಬೀಸುತ್ತಾರೆ. ಇನ್ನೊಬ್ಬ ಇಲ್ಲಿ ಮಾಯವಾಗಿ ಅಲ್ಲಿ ಪ್ರತ್ಯಕ್ಷನಾಗುತ್ತಾನೆ. ಯಾರ ತಂಟೆಗೂ ಹೋದವನಲ್ಲ. ಅವನನ್ನು ಮಾತ್ರ ಜನ ಪಂಜು ಹಿಡಿದು ಅಟ್ಟಿಸಿಕೊಂಡು ಹೋಗುತ್ತಾರೆ!

ಮೊದಲನೆಯವನು ಸೂಪರ್‌ಮ್ಯಾನ್. ಎರಡನೆಯವನು ಎಕ್ಸ್-ಮೆನ್ ಗುಂಪಿನ ನೈಟ್‌ಕ್ರಾಲರ್. ನೀಲಿ ಮೈ, ಹಿಂದೊಂದು ಬಾಲ. 1975ರ ಕಾಮಿಕ್ಸ್‌ನಲ್ಲಿ ಅವನ ಎಂಟ್ರಿಯೇ ಹಾಗೆ, ಜರ್ಮನಿಯ ಒಂದು ಊರಿನಲ್ಲಿ ಪ್ರಾಣ ಉಳಿಸಿಕೊಳ್ಳಲು ಓಡುತ್ತಾ...

ಇಬ್ಬರೂ ಒಳ್ಳೆಯವರೇ. ಹಾಗಿದ್ದ ಮೇಲೆ ಒಬ್ಬನಿಗೆ ಹಾರ, ಇನ್ನೊಬ್ಬನಿಗೆ ಕಲ್ಲು ಯಾಕೆ ಸ್ವಾಮಿ?

"ಅವರ ಶಕ್ತಿಗೆ ಹೆದರ್ತಾರೆ ಬಿಡ್ರೀ" ಅಂತೀರಾ? ಊಹೂಂ. ಹಾಗಿದ್ದರೆ ಸೂಪರ್‌ಮ್ಯಾನ್‌ಗೇ ಹೆಚ್ಚು ಹೆದರಬೇಕಿತ್ತು. ಅವನು ಮನಸ್ಸು ಮಾಡಿದರೆ ಇಡೀ ಊರನ್ನೇ ನೆಲಸಮ ಮಾಡಬಲ್ಲ. ನೈಟ್‌ಕ್ರಾಲರ್‌ಗೆ ಒಂದು ಗುಂಡು ಸಾಕು!

ಮುಖ ನೋಡಿ ಮಣೆ

ತಮಾಷೆ ನೋಡಿ, ಸೂಪರ್‌ಮ್ಯಾನ್ ಈ ಭೂಮಿಯವನೇ ಅಲ್ಲ. ಕ್ರಿಪ್ಟಾನ್ ಎಂಬ ಗ್ರಹದವನು. ಆದರೆ ಬೆಳೆದದ್ದು ರೈತ ದಂಪತಿಗಳ ಮನೆಯಲ್ಲಿ, ಮುಖ ಪಕ್ಕದ ಮನೆ ಹುಡುಗನದು. 1978ರ ಚಿತ್ರದಲ್ಲಿ ಕ್ರಿಸ್ಟೋಫರ್ ರೀವ್ ನಕ್ಕರೆ ಅವನನ್ನು ಪರದೇಶಿ ಅನ್ನಲು ಯಾರಿಗೆ ಮನಸ್ಸು ಬಂದೀತು?

ಮೊದಲಿಗೆ ಅವನಿಗೂ ಈ ಮರ್ಯಾದೆ ಇರಲಿಲ್ಲ. ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬಿಬ್ಬರು ಹುಡುಗರು 1938ರಲ್ಲಿ ಅವನನ್ನು ಹುಟ್ಟಿಸಿದಾಗ ಅವನು ಪೊಲೀಸರಿಗೇ ತಲೆನೋವು. ಬಡವರಿಗೆ ಸರ್ಕಾರ ಹೊಸ ಮನೆ ಕಟ್ಟಿಕೊಡಲಿ ಎಂದು ಕೊಳೆಗೇರಿಯನ್ನೇ ಕೆಡವಿ ಹಾಕಿದ ಭೂಪ! ಕಾನೂನಿನ ಪಕ್ಕ ನಿಂತ ಮೇಲೇ ಅವನು ಎಲ್ಲರ ಕಣ್ಮಣಿಯಾದದ್ದು. 2016ರ 'ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್' ಚಿತ್ರದಲ್ಲಿ ಮತ್ತೆ ಅದೇ ಕಥೆ. ಕಟ್ಟಡಗಳು ಉರುಳಿದ್ದೇ ತಡ, ಕೈ ಬೀಸಿದ ಜನವೇ ಬೋರ್ಡ್ ಹಿಡಿದು ಬೀದಿಗಿಳಿದರು.

ಆಕ್ಸಿಡೆಂಟ್ ಆದರೆ ಸರಿ, ಹುಟ್ಟಿದರೆ ತಪ್ಪು!

ಈಗ ಅಸಲಿ ವಿಷಯಕ್ಕೆ ಬರೋಣ. ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಜೋಡಿ 1961ರಲ್ಲಿ 'ಫೆಂಟಾಸ್ಟಿಕ್ ಫೋರ್' ಕೊಟ್ಟಿತು. 1963ರಲ್ಲಿ 'ಎಕ್ಸ್-ಮೆನ್' ಕೊಟ್ಟಿತು. ಅದೇ ಕಂಪನಿ, ಅದೇ ಲೋಕ. ಫೆಂಟಾಸ್ಟಿಕ್ ಫೋರ್‌ನಲ್ಲಿ ಬೆನ್ ಗ್ರಿಮ್ ಇದ್ದಾನಲ್ಲ, ಅವನ ಮೈಯೆಲ್ಲಾ ಕಿತ್ತಳೆ ಬಣ್ಣದ ಕಲ್ಲು. ಮೊದಲು ಅವನನ್ನು ಕಂಡು ಜನ ಚೀರಿದರು, ನಿಜ. ಆಮೇಲೆ ಸಲಾಮು ಹೊಡೆದರು! ಯಾಕೆಂದರೆ ಅವನ ಹೆಸರು ಗೊತ್ತು, ವಿಳಾಸ ಗೊತ್ತು. ರಾಕೆಟ್‌ನಲ್ಲಿ ಹೋದ, ಅಲ್ಲಿನ ಕಿರಣ ತಾಗಿ ಹೀಗಾದ. ಪಾಪ, ಆಕ್ಸಿಡೆಂಟು!

ಎಕ್ಸ್-ಮೆನ್‌ಗಳದು ಹಾಗಲ್ಲ. ಅವರು ಮ್ಯೂಟಂಟ್‌ಗಳು, ಹುಟ್ಟಾ ಹಾಗೆ. ಮೀಸೆ ಚಿಗುರುವ ವಯಸ್ಸಿಗೆ ಶಕ್ತಿ ಹೊರಬೀಳುತ್ತದೆ. ಯಾರ ಮನೆಯಲ್ಲಾದರೂ ಆಗಬಹುದು. ಇಲ್ಲೇ ಇರೋದು ಗುಟ್ಟು! ಜನ ಹೆದರುವುದು ಬೀದಿಯ ರಾಕ್ಷಸನಿಗಲ್ಲ, ತಮ್ಮ ಮನೆಯ ತೊಟ್ಟಿಲಿಗೆ. 1965ರ ಕಥೆಯಲ್ಲಿ ಬೊಲಿವರ್ ಟ್ರಾಸ್ಕ್ ಎಂಬ ಪಂಡಿತ "ಇವರು ನಮ್ಮನ್ನು ಗುಲಾಮರನ್ನಾಗಿ ಮಾಡ್ತಾರೆ" ಎಂದು ಹುಯಿಲೆಬ್ಬಿಸಿ, ಮ್ಯೂಟಂಟ್‌ಗಳನ್ನು ಹಿಡಿಯಲು ಸೆಂಟಿನಲ್ ಎಂಬ ಯಂತ್ರಮಾನವರನ್ನು ಮಾಡಿದ. ಕೊನೆಗೆ ಆ ಯಂತ್ರಗಳು ಅವನ ಮೇಲೇ ತಿರುಗಿಬಿದ್ದವು!

ಅದೇ ವರ್ಷ ಇನ್ನೊಂದು ಚೋದ್ಯ. ಕ್ವಿಕ್‌ಸಿಲ್ವರ್, ಸ್ಕಾರ್ಲೆಟ್ ವಿಚ್ ಎಂಬ ಅಣ್ಣ ತಂಗಿ ಅವೆಂಜರ್ಸ್ ಸೇರಿದರು. ಅಂದಿನ ಕಥೆಯ ಪ್ರಕಾರ ಅವರೂ ಮ್ಯೂಟಂಟ್‌ಗಳೇ, ಅದಕ್ಕೆ ಮೊದಲು ವಿಲನ್ ಗ್ಯಾಂಗಿನಲ್ಲಿದ್ದವರು. ಆದರೂ ಜನ ಒಪ್ಪಿಕೊಂಡರು. ರಕ್ತ ಬದಲಾಗಲಿಲ್ಲ, ಬೋರ್ಡ್ ಬದಲಾಯಿತು ಅಷ್ಟೆ!

ನಮ್ಮ ಜಾತಿಯವನೊಬ್ಬ

ಈ ಭಯಕ್ಕೆ ಗಾಳಿ ಹಾಕುವವರೂ ಇದ್ದಾರೆ. ಸ್ಪೈಡರ್‌ಮ್ಯಾನ್ ಎಷ್ಟು ಜನರನ್ನು ಕಾಪಾಡಿದರೂ ಜೇಮ್ಸನ್ ಎಂಬ ಪತ್ರಿಕೆಯವನು ಅವನನ್ನು ಪುಂಡ ಅಂತಲೇ ಬರೆಯುತ್ತಾನೆ. ಪೇಪರ್ ಖರ್ಚಾಗಬೇಕಲ್ಲ! ನಾನೂ ಪತ್ರಕರ್ತನೇ, ನಾಚಿಕೆಯಿಂದಲೇ ಒಪ್ಪುತ್ತೇನೆ. ಆದರೆ 2004ರ 'ಸ್ಪೈಡರ್‌ಮ್ಯಾನ್ 2' ನೋಡಿದವರು ಆ ರೈಲಿನ ದೃಶ್ಯ ನೆನಪಿಸಿಕೊಳ್ಳಿ. ರೈಲು ನಿಲ್ಲಿಸಿ ಮೂರ್ಛೆ ಹೋದವನನ್ನು ಜನ ಕೈ ಮೇಲೆ ಹೊತ್ತು ಒಳಗೆ ತರುತ್ತಾರೆ. ಮುಖವಾಡ ಇಲ್ಲ. ನೋಡಿದರೆ, ಇನ್ನೂ ಹುಡುಗ! ಅಲ್ಲಿಗೆ ಭಯ ಸತ್ತಿತು.

ಒಂದು ಹಗ್ಗದ ಕಥೆ

ಈಗ ನನ್ನ ಮಾತು. ಪಿಯುಸಿ ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ಬಂದಾಗ ನನ್ನ ರೂಮಿನಲ್ಲಿ ಇನ್ನೊಬ್ಬ ಹುಡುಗನಿದ್ದ. ಮುಖ, ಕೈ ಮೇಲೆ ತೊನ್ನು. ಅದು ಅಂಟುರೋಗವಲ್ಲ, ಚರ್ಮದ ಬಣ್ಣ ಹೋಗುವುದು ಅಷ್ಟೆ. ನನಗದು ಗೊತ್ತಿತ್ತು. ಗೊತ್ತಿದ್ದೂ ಅವನ ಟವೆಲ್ ನನ್ನದಕ್ಕೆ ತಾಗಬಾರದೆಂದು ಬಚ್ಚಲ ಹೊರಗೆ ಬೇರೆ ಹಗ್ಗ ಕಟ್ಟಿದವನು ನಾನೇ. ಅವನು ಏನೂ ಅನ್ನಲಿಲ್ಲ.

ಒಂದು ರಾತ್ರಿ ಇಬ್ಬರೂ ಮೊಬೈಲ್‌ನಲ್ಲಿ 2003ರ 'ಎಕ್ಸ್2' ನೋಡುತ್ತಿದ್ದೆವು. ಬಾಬಿ ಎಂಬ ಹುಡುಗ ತಾನು ಮ್ಯೂಟಂಟ್ ಅಂತ ಮನೆಯಲ್ಲಿ ಹೇಳಿಕೊಳ್ಳುತ್ತಾನೆ. ತಾಯಿ ಕೇಳುತ್ತಾಳೆ, ಮ್ಯೂಟಂಟ್ ಆಗದೆ ಇರೋಕೆ ಪ್ರಯತ್ನ ಮಾಡಿದ್ಯಾ ಅಂತ! ಸ್ವಂತ ತಮ್ಮ ಮಹಡಿಗೆ ಹೋಗಿ ಪೊಲೀಸರಿಗೆ ಫೋನ್ ಮಾಡುತ್ತಾನೆ. ನನ್ನ ರೂಮಿನವನು ಜೋರಾಗಿ ನಕ್ಕುಬಿಟ್ಟ. "ನಮ್ಮಮ್ಮಾನೂ ಹಿಂಗೇ ಕೇಳಿದ್ಲು ಕಣೋ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಅವಳು ಬೇರೆ ಹಗ್ಗ ಕಟ್ಟಲಿಲ್ಲ" ಅಂದ.

ಮಿತ್ರರೇ, ನನಗೆ ಮುಖ ಎತ್ತಲಾಗಲಿಲ್ಲ. ಆ ಚಿತ್ರದಲ್ಲಿ ನಾನು ಯಾರು? ವೂಲ್ವರಿನ್ ಅಲ್ಲ, ಫೋನ್ ಮಾಡಿದ ತಮ್ಮ!

2021ರ ಮಲಯಾಳಂ ಚಿತ್ರ 'ಮಿನ್ನಲ್ ಮುರಳಿ' ಕನ್ನಡ ಡಬ್ಬಿಂಗ್‌ನಲ್ಲೂ ಬಂತು. ಒಂದೇ ರಾತ್ರಿ ಸಿಡಿಲು ಇಬ್ಬರಿಗೆ ಬಡಿಯುತ್ತದೆ. ದರ್ಜಿ ಜೈಸನ್ ಹೀರೋ ಆಗುತ್ತಾನೆ. ಊರವರೆಲ್ಲ ಹುಚ್ಚನೆಂದು ದೂರವಿಟ್ಟಿದ್ದ ಶಿಬು, ಪ್ರೀತಿಸಿದವಳನ್ನೂ ಆ ಜನರಿಂದಲೇ ಕಳೆದುಕೊಂಡು ಊರಿಗೇ ಬೆಂಕಿ ಇಡುತ್ತಾನೆ. ಸಿಡಿಲು ಇಬ್ಬರಿಗೂ ಕೊಟ್ಟದ್ದು ಒಂದೇ. ಊರು ಕೊಟ್ಟದ್ದು ಬೇರೆ ಬೇರೆ.

ಮುಂದಿನ ಸಲ ಪರದೆಯ ಮೇಲೆ ಜನ ಕಲ್ಲು ತೂರುವಾಗ ಹೀರೋನನ್ನು ಬಿಡಿ, ಆ ಗುಂಪಿನ ಮುಖಗಳನ್ನು ನೋಡಿ. ನಾನಂತೂ ನನ್ನನ್ನೇ ಹುಡುಕುತ್ತೇನೆ.

ಹಗ್ಗ ಏನಾಯಿತು ಅಂತೀರಾ? ಮಾರನೇ ದಿನ ಬೆಳಿಗ್ಗೆ ಬಿಚ್ಚಿದೆ. ಬಿಚ್ಚುವುದಕ್ಕೆ ಯಾವ ಸೂಪರ್ ಪವರ್ರೂ ಬೇಕಾಗಲಿಲ್ಲ!