ಫಲಶಾಕಗಳ ಉಸಿರೂ ಪ್ಲಾಸ್ಟಿಕ್ ಹೊದಿಕೆಯೂ

ಸಂಸ್ಕೃತದಲ್ಲಿ ಪಾಕಶಬ್ದವು ಅಡಿಗೆಗೂ ಹಣ್ಣಾಗುವಿಕೆಗೂ ಸಲ್ಲುವುದು. ಕನ್ನಡವಾದರೋ ಒಂದೇ ಫಲದ ಅವಸ್ಥಾಭೇದಗಳನ್ನು ಕಾಯಿ, ದೋರೆಗಾಯಿ, ಹಣ್ಣು ಎಂದು ಬೇರೆ ಬೇರೆ ಹೆಸರುಗಳಿಂದ ಕರೆಯುವುದು. ಫಲವು ಒಂದೇ ತೆರನಾಗಿ ನಿಲ್ಲುವ ವಸ್ತುವಲ್ಲ, ಪರಿಣಾಮಶೀಲವಾದುದು ಎಂಬ ಅರಿವು ಈ ಎರಡು ವ್ಯವಹಾರಗಳಲ್ಲಿಯೂ ಅಡಗಿದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಹಣ್ಣುತರಕಾರಿಗಳು ಹೆಚ್ಚು ಕಾಲ ಕೆಡದೆ ಉಳಿಯುವುವೆಂಬ ಇಂದಿನ ನಂಬಿಕೆಯನ್ನು ಪರಿಶೀಲಿಸುವುದಕ್ಕೆ ಈ ಅರಿವೇ ಮೊದಲ ಮೆಟ್ಟಿಲು.

ಗಿಡದಿಂದ ಕಿತ್ತ ಮೇಲೂ ಫಲಶಾಕಗಳು ಜೀವಂತವಾಗಿಯೇ ಇರುವುವು. ಅವು ಆಮ್ಲಜನಕವನ್ನು ಒಳಕ್ಕೆ ತೆಗೆದುಕೊಂಡು, ಕೂಡಿಟ್ಟ ಶರ್ಕರಾದಿಗಳನ್ನು ವ್ಯಯಮಾಡುತ್ತ, ಇಂಗಾಲದ ಡೈಆಕ್ಸೈಡನ್ನೂ ಶಾಖವನ್ನೂ ನೀರಾವಿಯನ್ನೂ ಹೊರಕ್ಕೆ ಬಿಡುವುವು. ತಾಯಿಗಿಡದ ಆಸರೆ ತಪ್ಪಿದುದರಿಂದ ಈ ವ್ಯಯಕ್ಕೆ ಪ್ರತಿಯಾದ ಆಯವಿಲ್ಲ. ಉಸಿರು ತೀವ್ರವಾದಷ್ಟೂ ಆಯುಸ್ಸು ಕಡಮೆ. ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟದ ವೇಗವು ಸಾಮಾನ್ಯವಾಗಿ ಎರಡು ಮೂರು ಪಟ್ಟಾಗುವುದು.

ಪ್ಲಾಸ್ಟಿಕ್ ಹೊದಿಕೆಯ ಕಾರ್ಯವು ಎರಡು ವಿಧ. ಮೊದಲನೆಯದು ನೀರನ್ನು ತಡೆಯುವುದು. ಸೌತೆಕಾಯಿಯ ತೂಕದಲ್ಲಿ ಶೇಕಡ 95ರಷ್ಟು ನೀರೇ ಆಗಿರುವುದರಿಂದ, ಅದರಲ್ಲಿ ಅಲ್ಪಭಾಗವು ಆರಿದರೂ ಕಾಯಿ ಬಾಡುವುದು. ಎರಡನೆಯದು ಒಳಗಣ ವಾಯುವನ್ನು ಮಾರ್ಪಡಿಸುವುದು. ಹೊರಗಣ ವಾಯುವಿನಲ್ಲಿ ಶೇಕಡ 21ರಷ್ಟಿರುವ ಆಮ್ಲಜನಕವು, ಫಲದ ಉಸಿರಿಗೆ ಹೊಂದುವ ಹಾಳೆಯೊಳಗೆ ಕ್ರಮವಾಗಿ ತಗ್ಗಿ, ಇಂಗಾಲದ ಡೈಆಕ್ಸೈಡು ಏರಿ, ಉಸಿರಾಟವು ಮಂದವಾಗುವುದು.

ಇಲ್ಲಿ ಒಂದು ಸೋಜಿಗವುಂಟು. ಹೆಚ್ಚಾಗಿ ಬಳಕೆಯಲ್ಲಿರುವ ಪಾಲಿಥೀನ್ ಹಾಳೆಯ ಮೂಲದ್ರವ್ಯವು ಎಥಿಲೀನ್ ಎಂಬ ಅನಿಲ. 1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ ಫಾಸೆಟ್ ಮತ್ತು ಗಿಬ್ಸನ್ ಎಂಬವರು ಈ ಅನಿಲವನ್ನು ಅಧಿಕವಾದ ಒತ್ತಡಕ್ಕೆ ಒಳಪಡಿಸಿದಾಗ ಮೇಣದಂತಹ ಬಿಳಿಯ ವಸ್ತುವೊಂದು ದೊರೆಯಿತು, ಅದೇ ಪಾಲಿಥೀನ್. ಮರುವರ್ಷ, 1934ರಲ್ಲಿ, ಹಣ್ಣಾಗುವ ಸೇಬು ಅದೇ ಎಥಿಲೀನನ್ನು ಹೊರಸೂಸುವುದೆಂದು ಗೇನ್ ಎಂಬವನು ತೋರಿಸಿದನು. ಕಾಯನ್ನು ಹಣ್ಣುಮಾಡುವ ಅನಿಲವೇ ರೂಪಾಂತರದಿಂದ ಹಣ್ಣಿನ ಹೊದಿಕೆಯಾಯಿತು.

ಮಾವಿನ ಕಾಯನ್ನು ಹುಲ್ಲಿನಲ್ಲಿ ಅಡೆ ಹಾಕುವ ನಮ್ಮ ನಾಡಿನ ಪದ್ಧತಿಯ ಮರ್ಮವೂ ಈ ಅನಿಲವೇ. ಹುಲ್ಲು ಅದನ್ನೂ ಬಿಸುಪನ್ನೂ ಕಾಯಿಯ ಸುತ್ತ ಹಿಡಿದಿಡುವುದು. ಆದರೆ ಆಮ್ಲಜನಕಕ್ಕೆ ತಡೆಯಿಲ್ಲ. ಆದುದರಿಂದ ಕಾಯಿ ಬೇಗ ಹಣ್ಣಾಗುವುದು. ತಕ್ಕ ಹಾಳೆಯೊಳಗಾದರೋ ಆಮ್ಲಜನಕವು ವಿರಳವಾಗಿ, ಎಥಿಲೀನಿನ ಉತ್ಪತ್ತಿಯೂ ಪ್ರಭಾವವೂ ಕುಗ್ಗುವುವು. ಎರಡು ಕಡೆಯೂ ಮುಚ್ಚುವಿಕೆಯೇ. ಫಲ ಮಾತ್ರ ವಿಪರೀತ. ಆದುದರಿಂದ ಹೊದಿಕೆಯು ತಾನಾಗಿಯೇ ರಕ್ಷಕವೆಂಬುದು ಯುಕ್ತವಲ್ಲ.

ಅಯುಕ್ತವಾಗಿ ಸುತ್ತಿದರೆ ಕೇಡೇ ಹೆಚ್ಚು. ಆಮ್ಲಜನಕವು ತೀರ ಕ್ಷೀಣಿಸಿದಾಗ ಹುದುಗುವಿಕೆ ಮೊದಲಾಗಿ ಮದ್ಯದ ವಾಸನೆ ಹುಟ್ಟುವುದು. ಒಳಗೆ ಕಟ್ಟಿದ ನೀರಹನಿಗಳಲ್ಲಿ ಬೂಷ್ಟು ಬೆಳೆಯುವುದು. 2022ರಲ್ಲಿ ಬ್ರಿಟನ್ನಿನ ರ‍್ಯಾಪ್ ಸಂಸ್ಥೆಯು ಸೇಬು, ಬಾಳೆಹಣ್ಣು, ಬ್ರಾಕೊಲಿ, ಸೌತೆಕಾಯಿ, ಆಲೂಗೆಡ್ಡೆ ಎಂಬ ಐದನ್ನು ಪರೀಕ್ಷಿಸಿ ಪ್ರಕಟಿಸಿದ ನಿರ್ಣಯವು ಗಮನಾರ್ಹವಾದುದು. ಮಾರಾಟದ ಪ್ಲಾಸ್ಟಿಕ್ ಹೊದಿಕೆಯಿಂದ ಇವುಗಳ ಬಾಳಿಕೆಗೆ ಹೆಚ್ಚಿನ ಪ್ರಯೋಜನವು ಕಾಣಲಿಲ್ಲ. ಬಾಳೆಹಣ್ಣನ್ನುಳಿದು ಮಿಕ್ಕವುಗಳಿಗೆ ತಂಪೇ ಮುಖ್ಯವಾದ ಆಶ್ರಯವೆಂದು ತಿಳಿದುಬಂತು. ಬಾಳೆಯು ಸುಮಾರು 13 ಡಿಗ್ರಿಗಿಂತ ಕೆಳಗಣ ತಂಪನ್ನು ತಾಳದೆ ಕಪ್ಪಾಗುವುದು. ಬಿಡಿಯಾಗಿ ಮಾರಿದರೆ ಕೊಳ್ಳುವವರು ಬೇಕಾದಷ್ಟನ್ನೇ ಕೊಂಡು, ಬಿಸಾಡುವುದು ಕಡಮೆಯಾಗುವುದೆಂಬುದೂ ಆ ಸಂಸ್ಥೆಯ ಅಭಿಪ್ರಾಯ.

ಹೀಗೆಂದು ಪ್ಲಾಸ್ಟಿಕ್ ಎಲ್ಲೆಡೆಯೂ ವ್ಯರ್ಥವೆನ್ನಲಾಗದು. ದೂರಪ್ರಯಾಣದಲ್ಲಿ, ತಂಪಿನೊಡನೆ, ಆಯಾ ಫಲದ ಉಸಿರನ್ನು ಅಳೆದು ಆರಿಸಿದ ಹಾಳೆಯು ನಿಜವಾಗಿಯೂ ಉಪಕಾರಿ. ಆದರೆ ಹಣ್ಣಿನ ಬಾಳು ಕೆಲವು ದಿನಗಳದು, ಹೊದಿಕೆಯದು ಬಹುಕಾಲದ್ದು. ಮಣ್ಣಿಗೆ ಬಿದ್ದ ಪಾಲಿಥೀನ್ ಸುಲಭವಾಗಿ ಕರಗದು. ಅಲ್ಪಾಯುವಿನ ರಕ್ಷಣೆಗಾಗಿ ದೀರ್ಘಾಯುವನ್ನು ನಿಯೋಗಿಸುವಾಗ, ಆ ರಕ್ಷಣೆಯು ದಿಟವಾಗಿಯೂ ನಡೆಯುವುದೇ ಎಂಬುದನ್ನು ಒಂದೊಂದು ಫಲದ ವಿಷಯದಲ್ಲಿಯೂ ಬೇರೆ ಬೇರೆಯಾಗಿ ಪರೀಕ್ಷಿಸುವುದೇ ನ್ಯಾಯ್ಯವಾದ ಮಾರ್ಗ.